ಹಡಗು ಹತ್ತುವ ಮೊದಲು, ಮನೆಯಲ್ಲಿ

ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಕುಟುಂಬಗಳಿಗೆ ಮೊದಲ ಕ್ರೂಸ್ ಎಂದರೆ ಸಿಂಗಪುರದಿಂದ ಹೊರಡುವ ಮೂರು-ನಾಲ್ಕು ರಾತ್ರಿಯ ಪ್ರಯಾಣ. ಮರೀನಾ ಬೇಯಲ್ಲಿ ಹಡಗು ಹತ್ತಿ, ಮಲೇಷ್ಯಾದ ಪೆನಾಂಗನ್ನೋ ಥಾಯ್ಲೆಂಡಿನ ಫುಕೆಟನ್ನೋ ನೋಡಿಕೊಂಡು, ಹತ್ತಿದಲ್ಲಿಗೇ ಬಂದು ಇಳಿಯುವುದು. ಅಪ್ಪ-ಅಮ್ಮನನ್ನು ಕರೆದುಕೊಂಡು ನಾವೂ ಹೋಗಿಬಂದೆವು. ಹಡಗಿನಲ್ಲಿ ಆದ ಪರದಾಟಗಳೆಲ್ಲ ಮನೆಯಲ್ಲಿ ಗಂಟುಮೂಟೆ ಕಟ್ಟುವಾಗ ಮಾಡಿದ ತಪ್ಪುಗಳಿಂದಲೇ ಆದವು. ಈಗ ಹೊರಟಿರುವವರ ಬಾಯಲ್ಲೂ ಅವೇ ಮಾತುಗಳನ್ನು ಕೇಳುತ್ತಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಸೂಟ್‌ಕೇಸ್ ಹೇಗೂ ನಮ್ಮ ಜೊತೆಯಲ್ಲೇ ಇರುತ್ತದೆ.

ವಾಸ್ತವ: ಇರುವುದಿಲ್ಲ. ಬಂದರಿನ ಬಾಗಿಲಲ್ಲೇ ದೊಡ್ಡ ಪೆಟ್ಟಿಗೆಗಳನ್ನು ಪಡೆದುಕೊಳ್ಳುತ್ತಾರೆ. ಸಾವಿರಾರು ಜನರ ಸಾಮಾನು ತಪಾಸಣೆಯಾಗಿ ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ ರಾತ್ರಿಯಾಗುತ್ತದೆ. ನಮ್ಮ ಅಮ್ಮನ ಬಿಪಿ ಮಾತ್ರೆ, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ ಎರಡೂ ಇದ್ದದ್ದು ದೊಡ್ಡ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ. ಅಪ್ಪ ಊಟದ ತಟ್ಟೆ ಮುಂದಿಟ್ಟುಕೊಂಡು ಮಾತ್ರೆಗಾಗಿ ಕಾದು ಕೂತರು. ನಾನು ಐದು ನಿಮಿಷಕ್ಕೊಮ್ಮೆ ಹೋಗಿ ಕ್ಯಾಬಿನ್ ಮುಂದಿನ ಉದ್ದನೆಯ ಓಣಿಯಲ್ಲಿ ನಮ್ಮ ನೀಲಿ ಪೆಟ್ಟಿಗೆ ಬಂದಿದೆಯೇ ಎಂದು ನೋಡಿ ಬರುತ್ತಿದ್ದೆ. ಅದು ಬಂದಾಗ ರಾತ್ರಿ ಎಂಟು ಗಂಟೆ ದಾಟಿತ್ತು.

ಆದ್ದರಿಂದ ಮನೆಯಲ್ಲೇ ಒಂದು ಹೆಗಲುಚೀಲ ಬೇರೆ ಮಾಡಿ. ಪಾಸ್‌ಪೋರ್ಟ್, ಎಲ್ಲ ದಿನಗಳ ಮಾತ್ರೆಗಳು, ವೈದ್ಯರ ಚೀಟಿ, ಕನ್ನಡಕ, ಚಾರ್ಜರ್, ಒಂದು ಜೊತೆ ಬಟ್ಟೆ ಅದರಲ್ಲಿರಲಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಹೆಸರು ಕಾಣುವ ಹಾಗೆ ಹಾಗೆಯೇ ಇಡಿ. ಪೆಟ್ಟಿಗೆಗೆ ಹಾಕುವ ಕ್ಯಾಬಿನ್ ಸಂಖ್ಯೆಯ ಟ್ಯಾಗನ್ನು ಆನ್‌ಲೈನ್ ಚೆಕ್-ಇನ್ ಮುಗಿದಾಗಲೇ ಮನೆಯಲ್ಲಿ ಪ್ರಿಂಟ್ ತೆಗೆದು, ಸ್ಟೇಪ್ಲರ್ ಹೊಡೆದರೆ ಬಂದರಿನ ಗಡಿಬಿಡಿ ತಪ್ಪುತ್ತದೆ.

ತಪ್ಪು ಕಲ್ಪನೆ: ಹಡಗಿನಲ್ಲಿ ನಮ್ಮ ಊಟ ಸಿಗುವುದಿಲ್ಲ. ರೈಸ್ ಕುಕ್ಕರ್, ಮನೆ ತಿಂಡಿ ಎಲ್ಲ ಒಯ್ಯಬೇಕು.

ವಾಸ್ತವ: ಇದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತದವರು ದೊಡ್ಡ ಸಂಖ್ಯೆಯಲ್ಲಿರುತ್ತಾರೆ. ಅನ್ನ, ಬೇಳೆ, ರೊಟ್ಟಿ, ಮೊಸರಿಗೆ ಕೊರತೆಯಾಗದು. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು, ಜೈನ ಊಟ ಬೇಕಾದವರು ಬುಕಿಂಗ್ ಮಾಡುವಾಗಲೇ ಬರೆಸಬೇಕು. ಹಡಗು ಹತ್ತಿದ ಮೇಲೆ ಕೇಳಿದರೆ ಅಡುಗೆಮನೆಯವರಿಗೂ ಕಷ್ಟ.

ಕುಕ್ಕರ್, ಇಂಡಕ್ಷನ್ ಒಲೆ, ನೀರು ಕಾಯಿಸುವ ಕೆಟಲ್, ಇಸ್ತ್ರಿಪೆಟ್ಟಿಗೆ, ಇವು ಯಾವುವನ್ನೂ ಬಿಡುವುದಿಲ್ಲ. ಸ್ಕ್ಯಾನರ್‌ನಲ್ಲಿ ಸಿಕ್ಕರೆ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ನಡುಸಮುದ್ರದಲ್ಲಿ ಬೆಂಕಿ ಹತ್ತಿದರೆ ಓಡಿಹೋಗಲು ಜಾಗವಿಲ್ಲ, ಅಷ್ಟೇ ಕಾರಣ. ಅದೇ ಕಾರಣಕ್ಕೆ ಊದುಬತ್ತಿ, ಕರ್ಪೂರ, ಎಣ್ಣೆ ದೀಪ ಹಚ್ಚುವಂತಿಲ್ಲ. ದಿನವೂ ದೀಪ ಹಚ್ಚದೆ ಕಾಫಿ ಕುಡಿಯದ ಅಮ್ಮನಿಗೆ ಇದನ್ನು ಬಂದರಿನಲ್ಲಿ ಹೇಳಿ ನೋಯಿಸಬೇಡಿ, ಮನೆಯಲ್ಲೇ ತಿಳಿಸಿ. ಬ್ಯಾಟರಿಯ ಪುಟ್ಟ ದೀಪ ಒಂದನ್ನು ಕೊಡಿಸಿ. ನಮ್ಮಮ್ಮ ಅದನ್ನೇ ಕಿಟಕಿಯ ಪಕ್ಕ ಇಟ್ಟು ಸಮುದ್ರಕ್ಕೆ ಕೈಮುಗಿದರು.

ಮನೆಯಲ್ಲಿ ಕರಿದ ಕೋಡುಬಳೆ, ಚಕ್ಕುಲಿಯನ್ನೂ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಪೊಟ್ಟಣವಾದರೆ ತಕರಾರು ಕಡಿಮೆ. ಚಟ್ನಿಪುಡಿಯನ್ನೂ ಹಾಗೇ ಒಯ್ಯಿರಿ.

ಇನ್ನು ಸಿಂಗಪುರದ ಕಾನೂನಿಗೇ ಸೇರಿದ ಒಂದು ವಿಷಯವಿದೆ. ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ. ಅಲ್ಲಿ ಗಸಗಸೆ ನಿಷಿದ್ಧ ವಸ್ತು. ಪಾಯಸಕ್ಕೆಂದು ಕಟ್ಟಿಕೊಟ್ಟ ಪೊಟ್ಟಣ, ಮೇಲೆ ಗಸಗಸೆ ಒತ್ತಿದ ಕಜ್ಜಾಯ, ಗಸಗಸೆ ಸೇರಿಸಿ ಹುರಿದ ಸಾಗು ಪುಡಿ ಯಾವುದೂ ಚೀಲದಲ್ಲಿರಬಾರದು. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜ ಬರುತ್ತಿದ್ದರೆ ಅವರ ಸಂಚಿಯನ್ನೂ ನೋಡಿ. ಜಗಿಯುವ ತಂಬಾಕು, ಗುಟ್ಕಾ, ಇ-ಸಿಗರೇಟ್, ಮೂರೂ ಅಲ್ಲಿ ನಿಷೇಧ. ಕೊಡೀನ್ ಇರುವ ಕೆಮ್ಮಿನ ಸಿರಪ್, ಕೆಲವು ನಿದ್ದೆ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ವೈದ್ಯರ ಚೀಟಿ ಇದೆ ಎಂದು ಧೈರ್ಯವಾಗಿರಬೇಡಿ.

ತಪ್ಪು ಕಲ್ಪನೆ: ದಡಕ್ಕೆ ಇಳಿಯದೆ ಹಡಗಿನಲ್ಲೇ ಇದ್ದರೆ ವೀಸಾದ ಚಿಂತೆ ಇಲ್ಲ.

ವಾಸ್ತವ: ಹಡಗು ಯಾವ ದೇಶದ ಬಂದರಿಗೆ ಹೋಗುತ್ತದೋ ಆ ದೇಶದ ನಿಯಮ ನಿಮಗೂ ಅನ್ವಯ. ಕಾಗದ ಸರಿಯಿಲ್ಲದಿದ್ದರೆ ಹಡಗಿಗೇ ಹತ್ತಿಸುವುದಿಲ್ಲ. ನಮ್ಮ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕೇ ಬೇಕು. ವಿಮಾನದಲ್ಲಿ ಬಂದಾಗ ಒಂದು, ಹಡಗಿನಿಂದ ಮರಳಿದಾಗ ಇನ್ನೊಂದು, ಹೀಗೆ ಎರಡು ಸಲ ಪ್ರವೇಶ ಮಾಡುತ್ತೀರಿ. ವೀಸಾದಲ್ಲಿ ಮಲ್ಟಿಪಲ್ ಎಂದು ಇದೆಯೇ, ಕಣ್ಣಾರೆ ನೋಡಿಕೊಳ್ಳಿ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳಾದರೂ ಉಳಿದಿರಬೇಕು. ಸಿಂಗಪುರದ ಅರೈವಲ್ ಕಾರ್ಡನ್ನು ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅಲ್ಲಿಂದ ಹೊರಬನ್ನಿ.

ತಪ್ಪು ಕಲ್ಪನೆ: ಬೆಳಿಗ್ಗೆ ಸಿಂಗಪುರದಲ್ಲಿ ಇಳಿದು ಮಧ್ಯಾಹ್ನ ಹಡಗು ಹತ್ತಿದರಾಯಿತು.

ವಾಸ್ತವ: ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹೊರಡುವ ಗಂಟೆ-ಒಂದೂವರೆ ಗಂಟೆ ಮೊದಲೇ ಚೆಕ್-ಇನ್ ಮುಚ್ಚುತ್ತಾರೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ದಿನ ಮೊದಲೇ ಹೋಗಿ ತಂಗಿ. ಹೋಟೆಲಿನ ಖರ್ಚು ದಂಡವಲ್ಲ.

ತಪ್ಪು ಕಲ್ಪನೆ: ವಾಂತಿ ಶುರುವಾದ ಮೇಲೆ ಮಾತ್ರೆ ನುಂಗಿದರೆ ಸಾಕು.

ವಾಸ್ತವ: ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಅದನ್ನು ಮೊದಲೇ ತೆಗೆದುಕೊಳ್ಳಬೇಕು. ಬಸ್ಸಿಗೆಂದು ಮನೆಯಲ್ಲಿ ಇಟ್ಟುಕೊಂಡ ಮಾತ್ರೆಯನ್ನೇ ವಯಸ್ಸಾದವರಿಗೂ ಕೊಟ್ಟುಬಿಡುವ ರೂಢಿ ನಮ್ಮಲ್ಲಿದೆ. ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರಿಗೆ ಅದರಿಂದ ಕೆಡುಕಾಗಬಹುದು. ಹೊರಡುವ ಮೊದಲು ವೈದ್ಯರನ್ನು ಕೇಳಿ. ಕ್ಯಾಬಿನ್ ಆರಿಸುವಾಗ ಹಡಗಿನ ಮಧ್ಯಭಾಗದ, ಕೆಳಗಿನ ಅಂತಸ್ತಿನದನ್ನು ಹಿಡಿಯಿರಿ. ಅಲ್ಲಿ ಓಲಾಟ ಕಡಿಮೆ.

ತಪ್ಪು ಕಲ್ಪನೆ: ಸ್ಯಾನಿಟೈಸರ್ ಇದ್ದರೆ ಹೊಟ್ಟೆಯ ಸೋಂಕು ಬರದು.

ವಾಸ್ತವ: ಹಡಗುಗಳಲ್ಲಿ ವಾಂತಿ-ಭೇದಿ ಹರಡುವ ನೊರೋವೈರಸ್‌ಗೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆಯಬೇಕು. ಚೀಲದಲ್ಲಿ ಕಾಗದದ ಸೋಪು ಇಟ್ಟುಕೊಳ್ಳಿ. ಮಕ್ಕಳಿಗೆ ಈ ಅಭ್ಯಾಸವನ್ನು ಈಗಿನಿಂದಲೇ ಮಾಡಿಸಿ.

ತಪ್ಪು ಕಲ್ಪನೆ: ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿದ್ದೇವೆ, ಫೋನಿನ ಚಿಂತೆ ಇಲ್ಲ.

ವಾಸ್ತವ: ದಡ ಬಿಟ್ಟ ಮೇಲೆ ಫೋನು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಳ್ಳುತ್ತದೆ. ಮಾಮೂಲಿ ರೋಮಿಂಗ್ ಪ್ಯಾಕಿನಲ್ಲಿ ಸಾಮಾನ್ಯವಾಗಿ ಅದು ಸೇರಿರುವುದಿಲ್ಲ, ಬಿಲ್ಲು ಎದೆ ನಡುಗಿಸುವಷ್ಟು ಬರುತ್ತದೆ. ಏರ್‌ಪ್ಲೇನ್ ಮೋಡ್ ಹಾಕುವುದನ್ನು ಅಪ್ಪ-ಅಮ್ಮನಿಗೆ ಮನೆಯಲ್ಲೇ ನಾಲ್ಕು ಸಲ ಮಾಡಿಸಿ ಕಲಿಸಿ.

ತಪ್ಪು ಕಲ್ಪನೆ: ಹಡಗಿನಲ್ಲಿ ವೈದ್ಯರಿರುತ್ತಾರೆ, ವಿಮೆ ಯಾಕೆ?

ವಾಸ್ತವ: ವೈದ್ಯರಿರುತ್ತಾರೆ, ಅವರಿಗೆ ಕೊಡುವ ಹಣ ಟಿಕೆಟಿನಲ್ಲಿ ಸೇರಿಲ್ಲ. ನಡುವೆ ದಡದ ಆಸ್ಪತ್ರೆಗೆ ಸಾಗಿಸಬೇಕಾದರೆ ಖರ್ಚು ಕೈಮೀರುತ್ತದೆ. ಕ್ರೂಸ್ ಪ್ರಯಾಣ ಮತ್ತು ತುರ್ತು ಸಾಗಾಟ ಸೇರಿರುವ ವಿಮೆಯನ್ನೇ ಕೇಳಿ ಪಡೆಯಿರಿ. ಹಿರಿಯರ ಬಿಪಿ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಇನ್ನೊಂದು ಮಾತು: ಪ್ರಯಾಣ ಮುಗಿಯುವ ಹೊತ್ತಿಗೆ 24 ವಾರ ತುಂಬುವಂತಿದ್ದರೆ ಹೆಚ್ಚಿನ ಹಡಗು ಕಂಪನಿಗಳು ಹತ್ತಿಸುವುದಿಲ್ಲ. ಆರು ತಿಂಗಳು ತುಂಬದ ಕೂಸಿಗೂ ಪ್ರವೇಶವಿಲ್ಲ.

ಹೊರಡುವ ದಿನ ಗ್ಯಾಸ್ ರೆಗ್ಯುಲೇಟರ್ ಮುಚ್ಚಿ, ಹಾಲಿನವರಿಗೆ ಹೇಳಿ, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಗೇಟಿನ ಕೀಲಿ ಕೊಟ್ಟಿರುತ್ತೀರಿ. ಬಾಗಿಲಿಗೆ ಬೀಗ ಹಾಕುವ ಮೊದಲು ಹೆಗಲುಚೀಲವನ್ನು ಒಮ್ಮೆ ಬಿಚ್ಚಿ, ಅಮ್ಮನ ಮಾತ್ರೆ ಅದರಲ್ಲೇ ಇದೆಯೇ ಎಂದು ದಯವಿಟ್ಟು ಕೈಯಿಟ್ಟು ನೋಡಿ.