ಮೈಟೊಕಾಂಡ್ರಿಯಾದ ಬಾಗಿಲು ಹುಡುಕುವ ಆ್ಯಂಟಿಬಾಡಿ

ಪ್ರಶ್ನೆ: ಬೆಳಗಾವಿಯ ಲ್ಯಾಬಿನಲ್ಲಿ ಮಗಳು ‘ವಿಡ್ಯಾಕ್-1 ಆ್ಯಂಟಿಬಾಡಿ’ ಬಳಸುತ್ತಾಳೆ. ಏನದು?
– ಓದುಗರು, ಸಾಂಬ್ರಾ

ಉತ್ತರ: ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಹೊರಪೊರೆಯಲ್ಲಿ ಅತಿ ಸಣ್ಣ ರಂಧ್ರಗಳಿವೆ. ಈ ಶಕ್ತಿಯನ್ನು ಹೊತ್ತ ಎಟಿಪಿ ಅಣು ಹೊರಬರುವುದು ಮುಖ್ಯವಾಗಿ ಇವುಗಳ ಮೂಲಕವೇ. 19 ಎಳೆಗಳು ಪೀಪಾಯಿಯಂತೆ ಸುತ್ತಿಕೊಂಡ ವಿಡ್ಯಾಕ್ ಪ್ರೋಟೀನೇ ಈ ರಂಧ್ರ. ಅದರ ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಆ ತುಣುಕನ್ನೇ ಗುರುತಿಸಿ ಅಂಟಿಕೊಳ್ಳುವ ಆ್ಯಂಟಿಬಾಡಿ ಅದರ ರಕ್ತದಲ್ಲಿ ಹುಟ್ಟುತ್ತದೆ.

ಲ್ಯಾಬಿನಲ್ಲಿ ಕೋಶದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳು ಹಾಳೆಗೆ ಇಳಿಸಿ, ಅದರ ಮೇಲೆ ಈ ಆ್ಯಂಟಿಬಾಡಿಯನ್ನು ಹಾಕುತ್ತಾರೆ. ಸುಮಾರು 32 ಕಿಲೊಡಾಲ್ಟನ್ ಹತ್ತಿರ ಪಟ್ಟಿಯೊಂದು ಮೂಡಬೇಕು. ಆದರೆ ವಿಡ್ಯಾಕ್‌ನಲ್ಲಿ ಒಂದನ್ನೊಂದು ಹೋಲುವ ಮೂರು ಬಗೆಗಳಿವೆ. ಕೆಲವು ಆ್ಯಂಟಿಬಾಡಿಗಳು ಮೂರಕ್ಕೂ ಅಂಟುತ್ತವೆ. ಹಾಗಾಗಿ ವಿಡ್ಯಾಕ್-1 ಜೀನ್ ತೆಗೆದ ಕೋಶದಲ್ಲಿ ಪಟ್ಟಿ ಮಾಯವಾಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಲು ಮಗಳಿಗೆ ಹೇಳಿ.