ಇನ್ನೊಂದು ಲೆನ್ಸು ಬೇಕೇ?

ಛಾಯಾಗ್ರಹಣದ ಹವ್ಯಾಸ ಹಿಡಿದವನ ಖರ್ಚು ಕ್ಯಾಮರಾ ಕೊಂಡಲ್ಲಿಗೆ ಮುಗಿಯುವುದಿಲ್ಲ. ಕ್ಯಾಮರಾ ಆದಮೇಲೆ ಲೆನ್ಸು; ಒಂದು ಲೆನ್ಸು ಆದಮೇಲೆ ಇನ್ನೊಂದು. ನನ್ನಲ್ಲಿ 50 ಮಿಲಿಮೀಟರಿನ, ಎಫ್ 1.8ರ ಲೆನ್ಸೊಂದು ಇದೆ. ಅದೇ ಸಂಗಮದೂರದ, ಎಫ್ 1.2ರ ಮತ್ತೊಂದನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಕೆಲವು ತಿಂಗಳುಗಳಿಂದ ನನ್ನನ್ನು ಕಾಡುತ್ತಿದೆ. ಅದರ ಬೆಲೆ ಅಧ್ಯಾಪಕನಾದ ನನ್ನ ಎರಡು ತಿಂಗಳ ಸಂಬಳ. ಆದ್ದರಿಂದ ವಿಷಯವನ್ನು ಬರಿಯ ಆಸೆಯ ಕೈಗೆ ಬಿಟ್ಟುಕೊಡದೆ ತುಸು ವಿಚಾರಮಾಡಿ ನೋಡುವುದು ಲೇಸೆಂದು ತೋರಿತು.

‘ವೇಗದ ಲೆನ್ಸು’ ಎಂಬ ಮಾತು ಹೊಸಬರಿಗೆ ವಿಚಿತ್ರವಾಗಿ ಕೇಳಿಸೀತು. ಲೆನ್ಸು ಓಡುವುದೇನೂ ಇಲ್ಲ. ಅದರ ಬಾಯಿ ದೊಡ್ಡದು, ಅಷ್ಟೆ. ಸಂಗಮದೂರವನ್ನು ಬೆಳಕು ಹೊಗುವ ರಂಧ್ರದ ವ್ಯಾಸದಿಂದ ಭಾಗಿಸಿದಾಗ ದೊರೆಯುವುದೇ ಎಫ್ ಸಂಖ್ಯೆ. ಸಂಖ್ಯೆ ಕಿರಿದಾದಷ್ಟೂ ರಂಧ್ರ ಹಿರಿದು. ರಂಧ್ರ ಹಿರಿದಾದಷ್ಟೂ ಷಟರನ್ನು ಬೇಗ ಮುಚ್ಚಬಹುದು. ನನ್ನ ಲೆನ್ಸಿನ ರಂಧ್ರ ಸುಮಾರು 28 ಮಿಲಿಮೀಟರು. ನಾನು ಬಯಸುವುದರದು ಸುಮಾರು 42. ಲೆಕ್ಕ ಹಾಕಿದರೆ ಹೊಸದರಲ್ಲಿ ಬರುವ ಬೆಳಕು ಹಳೆಯದರ ಎರಡೂಕಾಲು ಪಟ್ಟು. ಎರಡು ತಿಂಗಳ ಸಂಬಳಕ್ಕೆ ಸಿಕ್ಕುವುದು ಇಷ್ಟು.

ಈ ಬೆಳಕಿನ ಹಸಿವು ನನ್ನೊಬ್ಬನದಲ್ಲ; ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ಡಾಗೇರನ ವಿಧಾನ ಲೋಕಕ್ಕೆ ತಿಳಿದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳು ಬೇಕಾಗುತ್ತಿದ್ದುವು. ಮರುವರ್ಷವೇ ವಿಯನ್ನಾದಲ್ಲಿ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಲೆನ್ಸು ಹಿಂದಿನವುಗಳ ಹತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಗೆ ಬಿಟ್ಟಿತು. ಮನುಷ್ಯರ ಮುಖಗಳನ್ನು ಹಿಡಿಯುವುದು ಸುಲಭವಾಯಿತು. 1924ರಲ್ಲಿ ಬಂದ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮರಾ ಎಫ್ 2ರ ಲೆನ್ಸನ್ನು ತಂದಿತು. ಅದನ್ನು ಹಿಡಿದ ಜರ್ಮನಿಯ ಎರಿಕ್ ಸಾಲೋಮನ್ ಮದ್ದಿನ ಪುಡಿ ಹೊತ್ತಿಸದೆಯೇ ನ್ಯಾಯಾಲಯ, ಸಮ್ಮೇಳನಗಳ ಒಳಗಿನ ಮುಖಗಳನ್ನು ಚಿತ್ರಿಸಿದ. 1975ರ ‘ಬ್ಯಾರಿ ಲಿಂಡನ್’ ಚಲನಚಿತ್ರದಲ್ಲಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಮೇಣದ ಬತ್ತಿಗಳ ಬೆಳಕಿನಲ್ಲಿ ದೃಶ್ಯಗಳನ್ನು ತೆಗೆದದ್ದು ಎಫ್ 0.7ರ ಲೆನ್ಸಿನಿಂದ. ಆಗ ಫಿಲ್ಮು ಮಂದ, ಲೆನ್ಸೇ ಚುರುಕಾಗಬೇಕಿತ್ತು. ಈಗಿನ ಸೆನ್ಸರುಗಳು ಐಎಸ್‌ಒ 3200ರಲ್ಲಿಯೂ ನೋಡುವಂಥ ಚಿತ್ರವನ್ನು ಕೊಡುತ್ತವೆ. ಅಂದು ಲೆನ್ಸು ಹೊತ್ತ ಹೊರೆಯ ಬಹುಪಾಲನ್ನು ಇಂದು ಸೆನ್ಸರು ಹೊರುತ್ತಿದೆ.

ಹಾಗಾದರೆ ನನಗೇಕೆ ಈ ಆಸೆ? ಕಾರಣ ನನ್ನ ತಾಯಿ. ಎಂಬತ್ತು ದಾಟಿದ ಅವರು ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿದ್ದಾರೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಅದರ ಬಳಿಯಲ್ಲೇ ಕುಳಿತು ಮರುದಿನದ ಪೂಜೆಗೆ ಹೂ ಕಟ್ಟುತ್ತಾರೆ. ಆ ಬೆಳಕಿನಲ್ಲಿ ಅವರ ಮುಖವನ್ನೂ ಕೈಗಳನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬುದು ನನ್ನ ಬಯಕೆ. ಫ್ಲ್ಯಾಶು ಹಾಕಿದರೆ ದೀಪ ಸತ್ತಂತೆ. ಇದ್ದ ಲೆನ್ಸಿನಲ್ಲಿ ಸೆಕೆಂಡಿನ ಅರವತ್ತನೆಯ ಒಂದು ಭಾಗ ಷಟರು ತೆರೆದಿರಬೇಕು. ಅಷ್ಟರಲ್ಲಿ ದಾರ ಸುತ್ತುವ ಬೆರಳು ತುಸು ಕದಲುತ್ತದೆ.

ಹೊಸ ಲೆನ್ಸು ಆ ಕಾಲವನ್ನು ಅರ್ಧಕ್ಕೂ ಕಡಿಮೆ ಮಾಡೀತು, ನಿಜ. ಆದರೆ ಬೆಳಕು ಬಿಟ್ಟಿ ಬರುವುದಿಲ್ಲ. ರಂಧ್ರ ಹಿರಿದಾದಂತೆ ಸ್ಪಷ್ಟವಾಗಿ ಮೂಡುವ ಆಳ ತೆಳುವಾಗುತ್ತದೆ. ಒಂದು ಮೀಟರು ದೂರದಿಂದ ತೆಗೆದರೆ ಎಫ್ 1.8ರಲ್ಲಿ ಆ ಆಳ ನಾಲ್ಕು ಸೆಂಟಿಮೀಟರಿಗೆ ತುಸು ಹೆಚ್ಚು, ಎಫ್ 1.2ರಲ್ಲಿ ಮೂರೂ ಇಲ್ಲ. ಎರಡು ಮೀಟರು ದೂರಕ್ಕೆ ಸರಿದರೆ ಹದಿನೇಳು ಸೆಂಟಿಮೀಟರು ಹನ್ನೊಂದಕ್ಕೆ ಇಳಿಯುತ್ತದೆ. ಕಣ್ಣು ಸ್ಪಷ್ಟವಾದರೆ ಮುಂದೆ ಚಾಚಿದ ಕೈ ಮಸುಕು. ಕೈ ಸ್ಪಷ್ಟವಾದರೆ ಮುಖ ಮಸುಕು. ನನಗೆ ಬೇಕಾದುದು ಎರಡೂ. ಹಿನ್ನೆಲೆ ಕರಗಿ ನೀರಾಗುವ ಚೆಲುವನ್ನು ಈ ಲೆನ್ಸುಗಳ ಹಿರಿಮೆಯೆಂದು ಹೊಗಳುತ್ತಾರೆ. ನನ್ನ ಚಿತ್ರದಲ್ಲಿ ಆ ಹಿನ್ನೆಲೆಯೆಂದರೆ ಹೊಗೆ ಹಿಡಿದ ದೇವರಮನೆಯ ಗೋಡೆ, ನನ್ನ ಅಜ್ಜ ಮಾಡಿಸಿದ ಮರದ ಮಂಟಪ. ಅವು ಕರಗಿಹೋಗುವುದು ನನಗೆ ಬೇಡ.

ಕಳೆದ ಸಲ ಊರಿಗೆ ಹೋಗಿದ್ದಾಗ ನಾನು ಲೆನ್ಸಿನ ಉಂಗುರ ತಿರುಗಿಸುತ್ತ ಕುಳಿತಿದ್ದುದನ್ನು ಕಂಡು ಅವರು, “ಬೆಳಕು ಸಾಲದೇನೋ? ಇನ್ನೆರಡು ಬತ್ತಿ ಹಾಕಲೇ?” ಎಂದು ಕೇಳಿದರು. ಅವರಿಗೆ ಎಫ್ ಸಂಖ್ಯೆಯ ಶಾಸ್ತ್ರ ಗೊತ್ತಿಲ್ಲ. ಆದರೂ ಮಾತು ಶಾಸ್ತ್ರೋಕ್ತವಾಗಿಯೇ ಇತ್ತು. ಎರಡು ಬತ್ತಿಯ ದೀಪ ನಾಲ್ಕು ಬತ್ತಿಯದಾದರೆ ಬೆಳಕು ಇಮ್ಮಡಿ; ಹೊಸ ಲೆನ್ಸು ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಬೆಳಕಿನ ಬಣ್ಣ ಅದೇ, ಬರುವ ದಿಕ್ಕು ಅದೇ, ಆಳವೂ ತೆಳುವಾಗುವುದಿಲ್ಲ. ಖರ್ಚು ಒಂದು ಚಮಚ ಎಣ್ಣೆ.

ಎಲ್ಲರಿಗೂ ಇದೇ ತೀರ್ಮಾನ ಒಪ್ಪುತ್ತದೆಂದು ನಾನು ಹೇಳಲಾರೆ. ರಾತ್ರಿಯಿಡೀ ಯಕ್ಷಗಾನವನ್ನು ಚಿತ್ರಿಸುವವನು ವೇಷಧಾರಿಯ ಬಳಿ ಹೋಗಿ ರಂಗದ ದೀಪ ಹೆಚ್ಚಿಸೆಂದು ಕೇಳುವಂತಿಲ್ಲ. ಧೀಂಗಿಣ ಹಾಕುವ ಕಾಲು ಅವನಿಗಾಗಿ ನಿಲ್ಲುವುದಿಲ್ಲ. ದೂರದಿಂದ ತೆಗೆಯುವುದರಿಂದ ಆಳವೂ ಅವನಿಗೆ ಸಾಕಷ್ಟು ಒದಗುತ್ತದೆ. ಅಂಥವನು ಸಾಲ ಮಾಡಿ ವೇಗದ ಲೆನ್ಸು ಕೊಂಡರೂ ನಾನು ದುಂದೆನ್ನಲಾರೆ. ಬೆಳಕು ನಮ್ಮ ಕೈಯಲ್ಲಿದೆಯೇ, ಇಲ್ಲವೇ ಎಂಬುದನ್ನು ಮೊದಲು ನೋಡಬೇಕು. ಲೆನ್ಸಿನ ಮಾತು ಆಮೇಲೆ.

ನಾನು ಕೊಳ್ಳುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಉಳಿದ ಹಣದಲ್ಲಿ ಊರಿಗೆ ಹಲವು ಸಲ ಹೋಗಿಬರಬಹುದು. ತೆಗೆದ ಚಿತ್ರಗಳಲ್ಲಿ ಒಳ್ಳೆಯವನ್ನು ಕಾಗದದ ಮೇಲೆ ಮುದ್ರಿಸಿ ತಾಯಿಯ ಕೈಗೆ ಕೊಡಬಹುದು. ಲೆನ್ಸು ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಕ್ಕೀತು. ಎಂಬತ್ತು ದಾಟಿದ ಬೆರಳುಗಳು ಹೂ ಕಟ್ಟುವ ಸಂಜೆಗಳನ್ನು ಕುರಿತು ಹಾಗೆ ಹೇಳಲು ಬಾರದು.