ಮೆಷಿನಿಸ್ಟ್ ವೃತ್ತಿ: ಅಭ್ಯರ್ಥಿಗಳ ಗಮನಕ್ಕೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗವು ಸುಣ್ಣದಕಲ್ಲಿನ ನಿಕ್ಷೇಪಕ್ಕೆ ಹೆಸರಾಗಿದೆ. ಸಿಮೆಂಟ್ ಕಾರ್ಖಾನೆಗಳಲ್ಲಿ ಸವೆದ ಶಾಫ್ಟ್, ಗೇರ್, ಬುಷ್‌ಗಳನ್ನು ನಿಗದಿತ ಅಳತೆಗೆ ತಯಾರಿಸುವುದು ಮೆಷಿನಿಸ್ಟರ ಕಾರ್ಯ. 0.01 ಮಿ.ಮೀ. ವ್ಯತ್ಯಾಸವನ್ನೂ ಗುರುತಿಸಬೇಕಾಗುತ್ತದೆ.

ಅರ್ಹತೆ: ವಿಜ್ಞಾನ, ಗಣಿತ ವಿಷಯಗಳೊಂದಿಗೆ ಎಸ್.ಎಸ್.ಎಲ್.ಸಿ. ಉತ್ತೀರ್ಣರಾಗಿ, 14 ವರ್ಷ ತುಂಬಿರಬೇಕು.

ತರಬೇತಿ: ಐ.ಟಿ.ಐ.ಗಳಲ್ಲಿ 2 ವರ್ಷ. ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ಸಿ.ಎನ್.ಸಿ. ಯಂತ್ರಗಳ ಅಭ್ಯಾಸ.

ಶಿಶಿಕ್ಷು ತರಬೇತಿ: 1961ರ ಶಿಶಿಕ್ಷು ಅಧಿನಿಯಮದನ್ವಯ ಶಿಷ್ಯವೇತನ ದೊರೆಯುತ್ತದೆ. ಕರಾರು ನೋಂದಣಿಯಾಗದೆ ಕೆಲಸಕ್ಕೆ ಸೇರಿದಲ್ಲಿ ಶಿಶಿಕ್ಷು ಪ್ರಮಾಣಪತ್ರ ದೊರೆಯದು. ಆದುದರಿಂದ ಸೇರುವ ಮುನ್ನ ವಿಚಾರಿಸತಕ್ಕದ್ದು.

ಮೀಸಲಾತಿ: ಸರ್ಕಾರಿ ಹುದ್ದೆ ಬಯಸುವವರು 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳಿಂದ ಮುಂಚಿತವಾಗಿ ಪಡೆಯತಕ್ಕದ್ದು. ಖಾಸಗಿ ಕಾರ್ಖಾನೆಗಳ ನೇಮಕಾತಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಅಲ್ಲಿ ಪರಿಗಣನೆಗೆ ಬರುವುದು ಪ್ರಮಾಣಪತ್ರ ಹಾಗೂ ಕೈಕುಶಲತೆ ಮಾತ್ರ.